ರಾಯಚೂರಿನಲ್ಲಿ ‘ವಿಬಿ ಡಾಟ್ ನೆಟ್’ ಕೋರ್ಸ್‌ಗೆ ದುಡ್ಡು ಕಟ್ಟುವ ಮುಂಚೆ ಇದನ್ನು ಓದಿ

ವಿಬಿ ಡಾಟ್ ನೆಟ್ ಅಂದರೆ ವಿಶುವಲ್ ಬೇಸಿಕ್ ಡಾಟ್ ನೆಟ್, ಪ್ರೋಗ್ರಾಮ್ ಬರೆಯುವ ಮೈಕ್ರೋಸಾಫ್ಟ್ ಭಾಷೆ. ಅದನ್ನು ಕಲಿಯಲು ಹೋಗಿ 12,000 ರೂಪಾಯಿ ಫೀಸು ಹೋಯಿತು. ಅದರ ಮೇಲೆ ‘ಸಾಫ್ಟ್‌ವೇರ್ ಸಿಡಿ’ ಅಂತ ಇನ್ನೂ 1,500. ದುಡ್ಡು ಹೋದದ್ದಕ್ಕಿಂತ ನಮ್ಮ ಅಂಗಡಿ ಸಾವ್ಕಾರರ ಎದುರು ಮರ್ಯಾದೆ ಹೋದದ್ದು ಜಾಸ್ತಿ ಉರಿಯುತ್ತಿದೆ, ಅದಕ್ಕೇ ಬರೆಯುತ್ತಿದ್ದೇನೆ.

ನಾನು ರಾಜೇಂದ್ರ ಗಂಜಿನ ಒಂದು ದಲಾಲಿ ಅಂಗಡಿಯಲ್ಲಿ ಲೆಕ್ಕ ಬರೆಯುತ್ತೇನೆ. ಹತ್ತಿ ಸೀಸನ್ ಬಂದರೆ ರೈತರ ಮಾಲಿನ ಲೆಕ್ಕದ ಚೀಟಿ, ಅಂದರೆ ಪಟ್ಟಿ, ಬರೆದು ಬರೆದು ಕೈ ಬಿದ್ದುಹೋಗುತ್ತದೆ. ತೂಕ, ದರ, ಹಮಾಲಿ ಹಾಕಿದರೆ ತಾನೇ ಲೆಕ್ಕ ಮಾಡಿ ಪಟ್ಟಿ ತೆಗೆಯುವ ಒಂದು ಸಣ್ಣ ಪ್ರೋಗ್ರಾಮ್ ನಾನೇ ಮಾಡಬೇಕು ಅಂತ ಆಸೆ ಇತ್ತು. ಊರಿನ ಒಂದು ಇನ್‌ಸ್ಟಿಟ್ಯೂಟ್‌ನಲ್ಲಿ ಕೇಳಿದೆ. ‘ಮೂರು ತಿಂಗಳು, ವಿಬಿ ಡಾಟ್ ನೆಟ್, ಕೊನಿಗೆ ನಿಮ್ಮ ಅಂಗಡಿ ಸಾಫ್ಟ್‌ವೇರ್ ನೀವೇ ಮಾಡ್ತೀರಿ’ ಅಂದರು. ರಸೀದಿಯಲ್ಲೂ ವಿಬಿ ಡಾಟ್ ನೆಟ್ ಅಂತಲೇ ಬರೆದುಕೊಟ್ಟರು.

ಕ್ಲಾಸಿಗೆ ಹೋದರೆ ಸಿಸ್ಟಮ್ ಮೊದಲೇ ತೆರೆದು ಇಟ್ಟಿರುತ್ತಿದ್ದರು. ಮೇಲೆ ಬರೀ ‘ಮೈಕ್ರೋಸಾಫ್ಟ್ ವಿಶುವಲ್ ಬೇಸಿಕ್’ ಅಂತ ಇರುತ್ತಿತ್ತು. ನಂಬಿದೆ. ಬಟನ್ ಎಳೆದು ಹಾಕು, ಡಬಲ್ ಕ್ಲಿಕ್ ಮಾಡು, ಬೋರ್ಡಿನ ಮೇಲಿದ್ದದ್ದು ಟೈಪ್ ಮಾಡು, ಪ್ರೋಗ್ರಾಮ್ ಓಡಿಸಲು ಎಫ್5 ಒತ್ತು. ಮೂರು ತಿಂಗಳು ಇಷ್ಟೇ. ಯಾಕೆ ಅಂತ ಕೇಳಿದರೆ ‘ಮೊದಲು ಟೈಪ್ ಮಾಡ್ರಿ, ಆಮ್ಯಾಲ ತಿಳೀತದ’.

ಕೊನೆಗೆ ನನ್ನ ಪಟ್ಟಿ ಪ್ರೋಗ್ರಾಮ್ ರೆಡಿ ಆಯಿತು. ಪೆನ್‌ಡ್ರೈವ್‌ನಲ್ಲಿ ಅಂಗಡಿಗೆ ಒಯ್ದೆ. ಒಬ್ಬ ರೈತರೂ ಅಲ್ಲೇ ಕೂತಿದ್ದರು. ಸಾವ್ಕಾರರು ಖುಷಿಯಿಂದ ತಾವೇ ಟೈಪ್ ಮಾಡಿದರು. 10 ಕ್ವಿಂಟಲ್ ಹತ್ತಿ, ದರ 7,250. ನಾವೆಲ್ಲ ಬರೆಯುವ ಹಾಗೇ ಕಾಮಾ ಹಾಕಿ ಹೊಡೆದರು. ಬಟನ್ ಒತ್ತಿದರು. ಒಟ್ಟು 70 ಅಂತ ಬಂತು. 72,500 ಬರಬೇಕಾದಲ್ಲಿ ಎಪ್ಪತ್ತು! ‘ಏನಪಾ ಇದು, ರೈತನ ಮುಂದ ಎಪ್ಪತ್ತು ರೂಪಾಯಿ ತೋರಸ್ತದ?’ ಅಂದರು. ತಲೆ ಎತ್ತಲಿಕ್ಕೆ ಆಗಲಿಲ್ಲ.

ಸರ್‌ಗೆ ಫೋನ್ ಮಾಡಿದೆ. ಅವರ ಉತ್ತರ: ‘ಕಾಮಾ ಹಾಕಬ್ಯಾಡ್ರಿ ಅಂತ ನಿಮ್ಮ ಸಾವ್ಕಾರ್ಗೆ ಹೇಳ್ರಿ.’

ಬೆಂಗಳೂರಿನಲ್ಲಿರುವ ನನ್ನ ಮಾವನ ಮಗ ಅವತ್ತು ರಾತ್ರಿ ಫೋನಿನಲ್ಲಿ ಬಿಡಿಸಿ ಹೇಳಿದ. ಟೈಪ್ ಮಾಡಿದ್ದನ್ನು ಸಂಖ್ಯೆ ಮಾಡಲು ನನ್ನ ಪ್ರೋಗ್ರಾಮಿನಲ್ಲಿದ್ದ ವ್ಯಾಲ್ ಅನ್ನುವ ಫಂಕ್ಷನ್ ಕಾಮಾ ಕಂಡ ಕೂಡಲೇ ಓದುವುದನ್ನು ನಿಲ್ಲಿಸುತ್ತದೆ, ಹಾಗಾಗಿ 7,250 ಅದಕ್ಕೆ ಬರೀ 7. ಡಾಟ್ ನೆಟ್‌ನಲ್ಲಿ ಅದೇ ಕೆಲಸಕ್ಕೆ ಡೆಸಿಮಲ್ ಟ್ರೈಪಾರ್ಸ್ ಅನ್ನುವುದನ್ನು ಬಳಸಿದರೆ ಕಾಮಾ ಸಮೇತ ಸರಿಯಾಗಿ ತೆಗೆದುಕೊಳ್ಳುತ್ತದಂತೆ. ಡಾಟ್ ನೆಟ್ ಪ್ರೋಗ್ರಾಮ್ ಬರೆಯುವ ಸಾಫ್ಟ್‌ವೇರ್ ವಿಶುವಲ್ ಸ್ಟುಡಿಯೋ ಕಮ್ಯುನಿಟಿ ಇಳಿಸಿಕೋ ಅಂದ. ಅದು ಕಲಿಯುವವರಿಗೆ ಫ್ರೀ, 2014ರಿಂದಲೂ ಫ್ರೀ! ಮತ್ತೆ ನಾನು ಕೊಟ್ಟ 1,500 ಯಾವುದಕ್ಕೆ?

ಇಳಿಸಿಕೊಂಡು ಕ್ಲಾಸಿನ ನೋಟ್‌ಬುಕ್ ನೋಡಿ ಟೈಪ್ ಮಾಡುತ್ತಾ ಹೋದೆ. ಲೇಬಲ್‌ಗೆ (ಫಾರ್ಮಿನ ಮೇಲೆ ಅಕ್ಷರ ತೋರಿಸುವ ಜಾಗ) ಅಕ್ಷರ ಹಾಕಲು ಕ್ಯಾಪ್ಷನ್ ಅಂತ ಬರೆದೆ, ಕೆಳಗೆ ತಪ್ಪು ತೋರಿಸುವ ಕೆಂಪು ಗೆರೆ. ಲೇಬಲ್‌ನಲ್ಲಿ ಕ್ಯಾಪ್ಷನ್ ಅನ್ನುವುದೇ ಇಲ್ಲ ಅನ್ನುತ್ತಿದೆ. ನೋಟ್‌ಬುಕ್‌ನಲ್ಲಿ ಬಟನ್ ಹೆಸರು ಕಮಾಂಡ್1, ಇಲ್ಲಿ ಬಟನ್1. ಅವನಿಗೆ ಫೋಟೋ ಕಳಿಸಿದೆ. ‘ಅಣ್ಣಾ, ಇದು ಡಾಟ್ ನೆಟ್ ಅಲ್ಲ, ವಿಬಿ 6’ ಅಂದ. ಅಂದರೆ ವಿಶುವಲ್ ಬೇಸಿಕ್‌ನ ಹಳೇ ಆವೃತ್ತಿ, 1998ರದ್ದು! ಮೈಕ್ರೋಸಾಫ್ಟ್ ಅದರ ಸಪೋರ್ಟ್ ಅನ್ನು 2008ರಲ್ಲೇ ನಿಲ್ಲಿಸಿದೆ. ಡಾಟ್ ನೆಟ್ ಬಂದದ್ದು 2002ರಲ್ಲಿ. ಮೂರು ತಿಂಗಳು ನಾನು ಕಲಿತದ್ದು ಅದಕ್ಕಿಂತ ಹಳೆಯದು. ಆ ಕೆಂಪು ಗೆರೆ ನೋಡುತ್ತಾ ಎಷ್ಟು ಹೊತ್ತು ಕೂತಿದ್ದೆನೋ ಗೊತ್ತಿಲ್ಲ.

ಮರುದಿನ ಹೋಗಿ ಕೇಳಿದೆ. ‘ಎರಡೂ ವಿಬಿನೇ ಅಲ್ಲೇನ್ರಿ, ಕಾನ್ಸೆಪ್ಟ್ ಒಂದೇ.’ ರಸೀದಿ ತೋರಿಸಿದೆ. ‘ವಿಬಿ 6 ಈಗಲೂ ಓಡ್ತದ್ರಿ.’ ಹಳೇ ಪ್ರೋಗ್ರಾಮ್‌ಗಳು ಓಡುತ್ತವೆ, ಒಪ್ಪುತ್ತೇನೆ. ಆದರೆ ಹೊಸದು ಅಂತ ಹೇಳಿ ಹಳೆಯದನ್ನು ಯಾಕೆ ಕಲಿಸಿದಿರಿ? ಅದಕ್ಕೆ ಉತ್ತರ ಇಲ್ಲ. ದುಡ್ಡು ವಾಪಸ್ ಕೇಳಿದರೆ ‘ರಸೀದಿ ಹಿಂದ ಓದ್ರಿ, ಫೀಸ್ ವಾಪಸ್ ಕೊಡಂಗಿಲ್ಲ.’

ಕಾನ್ಸೆಪ್ಟಾದರೂ ಕಲಿಸಿದರಾ? ಅದೂ ಇಲ್ಲ. ಇಂಥ ಪ್ರೋಗ್ರಾಮ್ ಮೇಲಿಂದ ಕೆಳಗೆ ಓಡಿ ಮುಗಿದುಹೋಗುವುದಿಲ್ಲ, ಫಾರ್ಮ್ ತೆರೆದು ಕಾಯುತ್ತಾ ಕೂರುತ್ತದೆ. ನಾವು ಬಟನ್ ಒತ್ತಿದರೆ ಒಂದು ಇವೆಂಟ್, ಬಾಕ್ಸಿನಲ್ಲಿ ಅಕ್ಷರ ಬದಲಾದರೆ ಇನ್ನೊಂದು, ಬಾಕ್ಸ್ ಬಿಟ್ಟು ಮುಂದೆ ಹೊರಟರೆ ಮತ್ತೊಂದು. ಯಾವುದಕ್ಕೆ ಯಾವ ಕೋಡ್ ಓಡಬೇಕು ಅಂತ ಬರೆಯುವುದೇ ನಮ್ಮ ಕೆಲಸ. ಸಾವ್ಕಾರರು ದರ ಹೊಡೆದು ಮುಂದಿನ ಬಾಕ್ಸಿಗೆ ಹೋಗುವಾಗಲೇ ತಪ್ಪು ಹಿಡಿಯಬಹುದಿತ್ತು, ಅದಕ್ಕೇ ಬೇರೆ ಇವೆಂಟ್ ಇದೆ. ಮೂರು ತಿಂಗಳಲ್ಲಿ ಕ್ಲಿಕ್ ಬಿಟ್ಟು ಇನ್ನೊಂದು ಇವೆಂಟಿನ ಹೆಸರು ಬೋರ್ಡಿನ ಮೇಲೆ ಬರಲಿಲ್ಲ. ಒಂದೂ ಬರಲಿಲ್ಲ. ಇದನ್ನೆಲ್ಲ ನನಗೆ ಹೇಳಿಕೊಟ್ಟದ್ದು ಆ ಹುಡುಗ, ಒಂದೇ ರಾತ್ರಿಯಲ್ಲಿ.

ದುಡ್ಡು ಕಟ್ಟುವ ಮುಂಚೆ ಒಂದು ದಿನ ಕ್ಲಾಸಿನಲ್ಲಿ ಕೂತು ನೋಡಿ. ಹೆಲ್ಪ್ ಮೆನುವಿನಲ್ಲಿ ಅಬೌಟ್ ತೆರೆಯಿರಿ, ಯಾವ ವರ್ಷನ್ ಅಂತ ಅಲ್ಲೇ ಇರುತ್ತದೆ. ಹೊಸ ಬಟನ್ ಎಳೆದು ಹಾಕಿಸಿ, ಹೆಸರು ಕಮಾಂಡ್1 ಅಂತ ಬಂದರೆ ಎದ್ದು ಬನ್ನಿ. ಸಿಡಿಗೆ ಅಂತ ಒಂದು ರೂಪಾಯಿಯೂ ಕೊಡಬೇಡಿ. ರಸೀದಿಯ ಹಿಂಭಾಗ ಓದಿ, ನಾನು ಓದಲಿಲ್ಲ.

ನಿನ್ನೆ ಅಲ್ಲಿಂದಲೇ ಫೋನ್ ಬಂದಿತ್ತು. ‘ಸರ್ಟಿಫಿಕೇಟ್ ರೆಡಿ ಅದ, ಬಂದು ಒಯ್ರಿ’ ಅಂದರು. ಅದರ ಮೇಲೆ ಏನಂತ ಬರೆದಿದ್ದೀರಿ ಅಂತ ಕೇಳಿದೆ. ‘ವಿಬಿ ಡಾಟ್ ನೆಟ್ರಿ, ಮತ್ತೇನು’ ಅಂದರು.