ಫ್ಲಶಿಂಗ್ ಬೌನ್ ಸ್ಟ್ರೀಟ್ ವಾಕ್: ಕೌನ್ಸಿಲ್ ಆಫೀಸಿನವರು ಮಾಡಿದ್ದು, ಐದಕ್ಕೆ ನಾಲ್ಕು ಸ್ಟಾರ್

ನ್ಯೂಯಾರ್ಕಿನ ಕ್ವೀನ್ಸಲ್ಲಿ ಇರೋ ನಮ್ಮವರಿಗೆ ಫ್ಲಶಿಂಗ್ ಅಂದ್ರೆ ಗಣೇಶನ ಗುಡಿ, ಕೆಳಗಡೆ ಕ್ಯಾಂಟೀನಲ್ಲಿ ದೋಸೆ, ಕಾರಿಗೆ ಜಾಗ ಸಿಕ್ರೆ ಪುಣ್ಯ, ಅಷ್ಟೇ. ನಾನೂ ಇಷ್ಟು ವರ್ಷ ಹಂಗೇ ಹೋಗಿ ಬರ್ತಿದ್ದೆ. ಮೊನ್ನೆ ಒಬ್ಬ ಸಿಟಿ ಕೌನ್ಸಿಲ್ ಮೆಂಬರ್ ಆಫೀಸಿಂದ ಒಂದು ಫ್ರೀ ವಾಕ್ ಇಟ್ಕೊಂಡಿದ್ರು, ಹೆಸರು ಹಾಕಲ್ಲ, ಶನಿವಾರ ಬೆಳಗ್ಗೆ, ಬೌನ್ ಸ್ಟ್ರೀಟ್ ಆಸುಪಾಸಲ್ಲಿರೋ ಎಲ್ಲಾ ಧರ್ಮದ ಜಾಗಗಳನ್ನ ನಡ್ಕೊಂಡೇ ನೋಡೋದು, ಅಲ್ಲಿಯವರ ಜೊತೆ ಮಾತಾಡೋದು, ಊರಿಂದ ಬಂದಿದ್ದ ನಮ್ಮತ್ತೇನೂ ಕರ್ಕೊಂಡು ಹೋದೆ.

7 ನಂಬರ್ ಟ್ರೇನಿನ ಕೊನೇ ಸ್ಟಾಪಲ್ಲಿ ಇಳಿದು ಸ್ವಲ್ಪ ನಡೆದ್ರೆ ಬೌನ್ ಹೌಸ್, 1661ರಷ್ಟು ಹಳೇ ಮನೆ. ಶುರು ಅಲ್ಲಿಂದ. ಆ ಮೆಂಬರ್ ತಾವೇ ನಿಂತು ಕಥೆ ಹೇಳಿದ್ರು, ಚೆನ್ನಾಗೇ ಹೇಳಿದ್ರು. ಆಗ ಇದು ಡಚ್ಚರ ಕೈಲಿತ್ತು, ಗವರ್ನರ್ ಪೀಟರ್ ಸ್ಟೈವೆಸೆಂಟ್ ಕ್ವೇಕರ್ ಅನ್ನೋ ಕ್ರೈಸ್ತ ಪಂಥದವರನ್ನ ಯಾರೂ ಮನೆಗೆ ಸೇರಿಸ್ಬಾರ್ದು ಅಂತ ಹುಕುಂ ಮಾಡಿದ್ದ. 1657ರ ಡಿಸೆಂಬರ್ 27ಕ್ಕೆ ಫ್ಲಶಿಂಗಿನ 30 ಜನ ಇದು ನಮ್ಮ ಕೈಲಿ ಆಗಲ್ಲ ಅಂತ ಅರ್ಜಿ ಬರೆದು ಸಹಿ ಹಾಕಿದ್ರು. ಬರೆದವನು ಊರಿನ ಕ್ಲರ್ಕ್ ಎಡ್ವರ್ಡ್ ಹಾರ್ಟ್, ತಗೊಂಡು ಹೋಗಿ ಕೊಟ್ಟವನು ಶೆರಿಫ್ ಟೋಬಿಯಾಸ್ ಫೀಕ್, ಇಬ್ಬರನ್ನೂ ಹಿಡಿದು ಒಳಗೆ ಹಾಕಿದ್ರು, ಫೀಕನ ಕೆಲಸಾನೂ ಹೋಯ್ತು. ಅತ್ತೆಗೆ ಕಿವೀಲಿ ಕನ್ನಡದಲ್ಲಿ ಹೇಳ್ತಾ ಇದ್ದೆ, ಆ 30 ಜನದಲ್ಲಿ ಒಬ್ಬರೂ ಕ್ವೇಕರ್ ಅಲ್ಲ ಅಂದಾಗ ಅವರು ನನ್ನ ಕೈ ಹಿಡಿದು ನಿಲ್ಲಿಸಿ, "ತಮ್ಮೋರಲ್ದೇ ಇರೋರಿಗೋಸ್ಕರ ಜೈಲಿಗೆ ಹೋದ್ರೇನೇ?" ಅಂದ್ರು. ಹೌದತ್ತೆ ಅಂದೆ. ಆಮೇಲೆ 1662ರಲ್ಲಿ ಜಾನ್ ಬೌನ್ ಇದೇ ಮನೇಲಿ ಕ್ವೇಕರ್‌ಗಳ ಪ್ರಾರ್ಥನೆಗೆ ಜಾಗ ಕೊಟ್ಟಿದ್ದಕ್ಕೆ ಗಡೀಪಾರಾದ, ಹಾಲೆಂಡಿಗೆ ಹೋಗಿ, ಈ ವಸಾಹತನ್ನ ನಡೆಸ್ತಿದ್ದ ಡಚ್ ವೆಸ್ಟ್ ಇಂಡಿಯಾ ಕಂಪನಿಯವರ ಹತ್ರಾನೇ ವಾದ ಮಾಡಿ ಗೆದ್ದು ವಾಪಸ್ ಬಂದ. ಕ್ಲರ್ಕು, ಶೆರಿಫು ಅಂದ್ರೆ ಆ ಕಾಲದ ಲೋಕಲ್ ಅಧಿಕಾರಿಗಳು ತಾನೇ, ಇವತ್ತಿನ ಕೌನ್ಸಿಲ್ ಆಫೀಸಿನವರು ವಾಕ್‌ನ ಇಲ್ಲಿಂದ ಶುರು ಮಾಡಿದ್ದು ನನಗೆ ತುಂಬಾ ಸರಿ ಅನ್ನಿಸ್ತು.

ಅಲ್ಲಿಂದ 1694ರ ಕ್ವೇಕರ್ ಪ್ರಾರ್ಥನಾ ಮಂದಿರ, ಮರದ್ದು, ಹೊರಗಡೆಯಿಂದ ನೋಡಿದ್ವಿ. ಗ್ರೂಪ್ ಫೋಟೋ ಆಯ್ತು. ಫೋಟೋ ಆದ ಐದು ನಿಮಿಷಕ್ಕೆ ಮೆಂಬರ್ ಸಾಹೇಬ್ರು ಹೊರಟೇಬಿಟ್ರು, ಇನ್ನೊಂದು ಪ್ರೋಗ್ರಾಂ ಇದೆ ಅಂತ. ಒಂದು ಸ್ಟಾರ್ ಕಟ್ ಮಾಡಿರೋದು ಇದಕ್ಕೇ. ಇನ್ನೂ ಮೂರು ಕಡೆ ಹಿರಿಯರು ಬಾಗಿಲಲ್ಲಿ ಕಾಯ್ತಾ ಇದ್ರು, ನಮ್ಮ ಗುಡೀಲಿ ಶಾಲು ಹಾರ ರೆಡಿ ಇಟ್ಟಿದ್ರು, ಅವರಿಗೆಲ್ಲ ಬೇಜಾರಾಗಲ್ವಾ?

ಆದ್ರೆ ನಿಜವಾದ ಕೆಲಸ ಆಗಿದ್ದು ಅವರು ಹೋದ ಮೇಲೇನೇ. ಆಫೀಸಿನ ಒಬ್ಬ ಹುಡುಗಿ ಕೊನೇವರೆಗೂ ಜೊತೇಲಿದ್ಲು, ಕೈಯಲ್ಲಿ ಒಂದು ಸ್ಪೈರಲ್ ನೋಟ್ ಬುಕ್ಕು. ಹೋದ ಕಡೆಯೆಲ್ಲಾ ಒಂದೇ ಪ್ರಶ್ನೆ ಕೇಳ್ತಿದ್ಲು, ನಿಮಗೆ ಸಿಟಿಯಿಂದ ಏನು ತೊಂದರೆ ಆಗ್ತಿದೆ ಅಂತ. ಸಾಮರಸ್ಯ ಸೌಹಾರ್ದ ಅಂತ ಯಾರೂ ಭಾಷಣ ಮಾಡ್ಲಿಲ್ಲ, ಎಲ್ಲಾರೂ ಹೇಳಿದ್ದು ಕಸ, ಪಾರ್ಕಿಂಗ್, ಫುಟ್‌ಪಾತ್ ಕಿತ್ತೋಗಿರೋದು. ಜಿರೇನಿಯಮ್ ಅವೆನ್ಯೂ ಮಸೀದಿ ಹತ್ರ ಒಬ್ಬ ಹಿರಿಯರು, ಶುಕ್ರವಾರ ಮಧ್ಯಾಹ್ನ ಜನ ಸೇರೋ ಹೊತ್ತಿಗೇ ಕಸದ ಚೀಲಗಳು ಫುಟ್‌ಪಾತಲ್ಲೇ ಇರ್ತವೆ, ಗಾಲಿ ಕುರ್ಚಿಯವರು ರೋಡಿಗೆ ಇಳೀಬೇಕಾಗುತ್ತೆ ಅಂದ್ರು. ಚರ್ಚಿನ ಕಡೆಯಿಂದ ಬಂದಿದ್ದ ಒಬ್ಬ ಅಜ್ಜಿ, ನಮಗೂ ಭಾನುವಾರ ಅದೇ ಗತಿ ಅಂದ್ರು. ಇಬ್ರೂ ಒಂದೇ ಪುಟದಲ್ಲಿ ಸಹಿ ಹಾಕಿದ್ರು. ಆ ಪುಟ ನೋಡಿ ನನಗೆ ಗಂಟಲು ಕಟ್ತು.

ಈ ಊರಲ್ಲಿ ಕೆಲವೊಂದು ನಿಜವಾಗ್ಲೂ ಆಗಿದೆ, ಅದನ್ನೂ ಹೇಳ್ಬೇಕು. ರಸ್ತೆ ಗುಡಿಸೋಕೆ ಕಾರ್ ತೆಗೀಬೇಕು ಅನ್ನೋ ರೂಲು ಇದ್ಯಲ್ಲ, ಅದನ್ನ ಈದ್, ದೀಪಾವಳಿ, ಯಹೂದಿ ಹಬ್ಬಗಳ ದಿನ ನಿಲ್ಲಿಸ್ತಾರೆ. 2015ರಿಂದ ಎರಡೂ ಈದ್‌ಗೆ ಸ್ಕೂಲ್ ರಜ, ದೀಪಾವಳಿ ರಜದ ಕಾನೂನಿಗೆ 2023ರ ನವೆಂಬರಲ್ಲಿ ಗವರ್ನರ್ ಸಹಿ ಬಿತ್ತು. 1977ರಲ್ಲಿ ಪ್ರತಿಷ್ಠಾಪನೆ ಆದ ನಮ್ಮ ಗುಡಿ ಮುಂದಿನ ಬೀದಿಗೆ 2022ರಲ್ಲಿ ಗಣೇಶ್ ಟೆಂಪಲ್ ಸ್ಟ್ರೀಟ್ ಅಂತ ಬೋರ್ಡ್ ಬಂತು, ಮೇಲುಗಡೆ ಬೌನ್ ಹೆಸರೂ ಹಂಗೇ ಇದೆ. ಅತ್ತೆ ಆ ಬೋರ್ಡ್ ಕೆಳಗೆ ತುಂಬಾ ಹೊತ್ತು ನಿಂತಿದ್ರು. ಇದೆಲ್ಲ ಯಾರೋ ಪದೇ ಪದೇ ಹೋಗಿ ಕೇಳಿದ್ದಕ್ಕೆ, ಇನ್ಯಾರೋ ಕೂತು ಕೇಳಿಸ್ಕೊಂಡಿದ್ದಕ್ಕೆ ಆಗಿದ್ದು.

ಸಣ್ಣ ಕಂಪ್ಲೇಂಟು ಇನ್ನೊಂದಿದೆ. ಎಲ್ಲಾ ಕಡೆ ಮಾತಾಡಿದ್ದು ಗಂಡಸರೇ ಜಾಸ್ತಿ, ಕಮಿಟಿಯವರು. ಅಡುಗೆ ಮಾಡೋ, ಮಕ್ಕಳಿಗೆ ಪಾಠ ಹೇಳೋ ಹೆಂಗಸರನ್ನ ಮುಂದಿನ ಸಲ ಮಾತಾಡ್ಸಿ ಅಂತ ಆ ಹುಡುಗಿಗೆ ಹೇಳಿದೆ, ಅದನ್ನೂ ಬರ್ಕೊಂಡ್ಲು. ಎರಡು ವಾರಕ್ಕೆ ಅವಳಿಂದಾನೇ ಮೇಲ್ ಬಂತು, ಶುಕ್ರವಾರದ ಕಸದ ವಿಷಯ ಸ್ಯಾನಿಟೇಷನ್‌ನವರಿಗೆ ಕಳಿಸಿದೀವಿ, ಉತ್ತರ ಬಂದ ತಕ್ಷಣ ತಿಳಿಸ್ತೀವಿ ಅಂತ. ಉತ್ತರ ಇನ್ನೂ ಬಂದಿಲ್ಲ, ಬಂದ್ರೆ ಇಲ್ಲೇ ಅಪ್ಡೇಟ್ ಹಾಕ್ತೀನಿ.

ಹೋಗೋರಿಗೆ: ಒಟ್ಟು ಎರಡೂವರೆ ಗಂಟೆ ಬೇಕು, ವಯಸ್ಸಾದವರಿಗೆ ನಡುವೆ ಕೂರೋಕೆ ಜಾಗ ಕಮ್ಮಿ, ನೀರು ಇಟ್ಕೊಳ್ಳಿ. ಲೇಸ್ ಇರೋ ಶೂ ಬೇಡ, ಗುಡೀಲಿ ಮಸೀದೀಲಿ ಬಿಚ್ಚಿ ಹಾಕಿ ಬಿಚ್ಚಿ ಹಾಕಿ ಸಾಕಾಗುತ್ತೆ, ಚಪ್ಪಲಿ ಹಾಕ್ಕೊಂಡು ಹೋಗಿ.