ವೈಫೈ ಕ್ಯಾಮೆರಾ ಹಾಕಿಸುವ ಮುಂಚೆ ಅಪ್‌ಲೋಡ್ ಎಷ್ಟು ಅಂತ ಕೇಳಿ

ಮನೆಗೋ ತೋಟಕ್ಕೋ ಅಂಗಡಿಗೋ ವೈಫೈ ಕ್ಯಾಮೆರಾ ಹಾಕಿಸುವ ಯೋಚನೆಯಲ್ಲಿರುವವರು ದಯವಿಟ್ಟು ದುಡ್ಡು ಕೊಡುವ ಮೊದಲು ಇದನ್ನು ಓದಿ. ಅದರಲ್ಲೂ ಊರಿನಲ್ಲಿ ಅಪ್ಪ ಅಮ್ಮ ಇಬ್ಬರೇ ಇದ್ದು, ಮಕ್ಕಳು ದೂರದಲ್ಲಿ ಕೂತು ಮೊಬೈಲಿನಲ್ಲೇ ಮನೆ ಕಾಯುತ್ತಿರುವವರು ಓದಲೇಬೇಕು. ನಮ್ಮ ಮನೆಯಲ್ಲಿ ನಾಲ್ಕು ಕ್ಯಾಮೆರಾ ಇದ್ದೂ ಅಡಿಕೆ ಕಳುವಾಯಿತು. ಕಳ್ಳ ಯಾರು ಅಂತ ತೋರಿಸುವ ಒಂದು ನಿಮಿಷದ ವಿಡಿಯೊ ನಮ್ಮ ಹತ್ತಿರ ಇಲ್ಲ. ಕ್ಯಾಮೆರಾ ಕೆಟ್ಟಿರಲಿಲ್ಲ. ಕರೆಂಟ್ ಇತ್ತು. ನೆಟ್ ಕೂಡ ಇತ್ತು.

ನಮ್ಮದು ಸಾಗರದ ಕಡೆಯ ಹಳ್ಳಿ. ಕೊಯ್ಲಾದ ಮೇಲೆ ಸುಲಿದು, ಬೇಯಿಸಿ, ಒಣಗಿಸಿದ ಅಡಿಕೆ ಮಂಡಿಗೆ ಹೋಗುವ ತನಕ ಮನೆಯಲ್ಲೇ ಚೀಲದಲ್ಲಿರುತ್ತದೆ. ಒಂದು ಚೀಲ ಹೋದರೂ ಸಣ್ಣ ದುಡ್ಡಲ್ಲ. ಸುತ್ತಮುತ್ತ ಕಳ್ಳತನದ ಸುದ್ದಿ ಜಾಸ್ತಿಯಾದಾಗ ಪೇಟೆಯ ಅಂಗಡಿಯೊಂದರಿಂದ ಕ್ಯಾಮೆರಾ ಹಾಕಿಸಿದೆವು. ಅಂಗಳಕ್ಕೆ ಒಂದು, ಅಡಿಕೆ ಚಪ್ಪರಕ್ಕೆ ಒಂದು, ಹಿಂದಿನ ಕೊಟ್ಟಿಗೆಗೆ ಒಂದು, ದಣಪೆಯ (ಅಂಗಳಕ್ಕೆ ಬರುವ ಗೇಟು) ಹತ್ತಿರ ಒಂದು.

"ಎಲ್ಲಾ ಕ್ಲೌಡ್‌ನಲ್ಲಿ ರೆಕಾರ್ಡ್ ಆಗುತ್ತೆ ಸರ್. ಕಳ್ಳ ಕ್ಯಾಮೆರಾನೇ ಕಿತ್ಕೊಂಡು ಹೋದ್ರೂ ವಿಡಿಯೊ ಸೇಫ್. ನಿಮ್ದು ನಲವತ್ತು ಎಂಬಿಪಿಎಸ್ ಲೈನು, ಹತ್ತು ಕ್ಯಾಮೆರಾ ಹಾಕಿದ್ರೂ ಆರಾಮಾಗಿ ಎಳೆಯುತ್ತೆ" ಅಂತ ಅಂಗಡಿಯವರು ಹೇಳಿದರು. ಕ್ಲೌಡ್ ಅಂದರೆ ವಿಡಿಯೊವನ್ನು ನೆಟ್ ಮೂಲಕ ಕಳಿಸಿ ದೂರದ ಕಂಪನಿಯ ಕಂಪ್ಯೂಟರಿನಲ್ಲಿ ಉಳಿಸುವುದು. ಮೆಮೊರಿ ಕಾರ್ಡ್ ಬೇಡವಾ ಅಂತ ಅಪ್ಪ ಕೇಳಿದ್ದಕ್ಕೆ, "ಸುಮ್ನೆ ಯಾಕೆ ಖರ್ಚು ಯಜಮಾನ್ರೇ, ಅದೆಲ್ಲ ಹಳೇದು" ಅಂದರು. ನಲವತ್ತು ಎಂಬಿಪಿಎಸ್ ಅನ್ನುವುದು ಯಾವ ದಿಕ್ಕಿನ ವೇಗ ಅಂತ ಅವರು ನೋಡಲೂ ಇಲ್ಲ, ಹೇಳಲೂ ಇಲ್ಲ. ಎಲ್ಲ ಕೆಟ್ಟಿದ್ದು ಅಲ್ಲೇ.

ಕಳ್ಳತನ ಆದ ರಾತ್ರಿ ಗಾಳಿ ಜೋರಾಗಿತ್ತು. ಚಪ್ಪರದ ಟಾರ್ಪಾಲು ಹಾರಾಡುತ್ತಿತ್ತು, ತೋಟದ ಅಂಚಿನ ಬಾಳೆ ಎಲೆ ಅಲ್ಲಾಡುತ್ತಿತ್ತು, ಕ್ಯಾಮೆರಾದ ಇನ್‌ಫ್ರಾರೆಡ್ ದೀಪಕ್ಕೆ ಹುಳ ಮುತ್ತುತ್ತಿದ್ದವು. ಕ್ಯಾಮೆರಾದ ಕಣ್ಣಿಗೆ ಇವೆಲ್ಲವೂ 'ಚಲನೆ'; ಚಲನೆ ಕಂಡರೆ ಅದು ಒಂದು ಕ್ಲಿಪ್ ಕಳಿಸುತ್ತದೆ. ಹಾಗಾಗಿ ನಾಲ್ಕೂ ಕ್ಯಾಮೆರಾ ಒಂದೇ ಸಮನೆ ಕ್ಲಿಪ್ ಕಳಿಸಲು ಹೊರಟವು. ಬೆಳಿಗ್ಗೆ ಅಮ್ಮ ಫೋನ್ ಮಾಡಿ ಚೀಲಗಳು ಕಾಣುತ್ತಿಲ್ಲ ಅಂದಾಗ ನಾನು ಆ್ಯಪ್ ತೆಗೆದು ಚಪ್ಪರದ ಕ್ಯಾಮೆರಾ ನೋಡಿದೆ. ಒಂದು ಕ್ಲಿಪ್ ಇತ್ತು. ಎಡಗಡೆ ಚೀಲಗಳ ಸಾಲು. ಬಲಗಡೆಯಿಂದ ಹವಾಯಿ ಚಪ್ಪಲಿ ಹಾಕಿದ ಒಂದು ಕಾಲು, ಮಡಚಿದ ಪ್ಯಾಂಟಿನ ಅಂಚು. ಅಷ್ಟರಲ್ಲಿ ಚಿತ್ರ ಚೌಕ ಚೌಕವಾಗಿ ಒಡೆದು ಬೂದು ಬಣ್ಣಕ್ಕೆ ತಿರುಗಿತು. ಮೂಲೆಯಲ್ಲಿ ಸಮಯ 2:17 ಅಂತ ಇತ್ತು. ಮುಂದಿನ ಕ್ಲಿಪ್ 2:21ರದ್ದು. ಅದರಲ್ಲಿ ಚೀಲಗಳಿದ್ದ ಜಾಗ ಖಾಲಿ. ಉಳಿದ ಕ್ಯಾಮೆರಾಗಳಲ್ಲಿ ಬರೀ ಹುಳ, ಟಾರ್ಪಾಲು. ಪೊಲೀಸರು ಫೂಟೇಜ್ ಕೇಳಿದಾಗ ಕೊಡಲು ನಮ್ಮ ಹತ್ತಿರ ಇದ್ದಿದ್ದು ಆ ಒಂದು ಕಾಲು ಮಾತ್ರ.

ಅಂಗಡಿಯವರನ್ನು ಕೇಳಿದರೆ, "ನೆಟ್ ಪ್ರಾಬ್ಲಮ್ ಸರ್, ಕೇಬಲ್‌ನವರನ್ನ ಕೇಳಿ" ಅಂದರು. ನಮಗೆ ನೆಟ್ ಕೊಡುವ ಕೇಬಲ್‌ನವರು, "ನಮ್ಮ ಸ್ಪೀಡ್ ಸರಿ ಇದೆ, ಬೇಕಾದ್ರೆ ಚೆಕ್ ಮಾಡಿ" ಅಂದರು. ಚೆಕ್ ಮಾಡಿದೆ. ಡೌನ್‌ಲೋಡ್ ನಲವತ್ತರ ಹತ್ತಿರವೇ ಇತ್ತು. ಅದರ ಕೆಳಗೆ, ಸಣ್ಣ ಅಕ್ಷರದಲ್ಲಿ, ಅಪ್‌ಲೋಡ್ 3 ಎಂಬಿಪಿಎಸ್.

ನಾವು ನೆಟ್‌ನಲ್ಲಿ ಸಾಮಾನ್ಯವಾಗಿ ಮಾಡುವುದೆಲ್ಲ ಒಳಗೆ ಎಳೆದುಕೊಳ್ಳುವ ಕೆಲಸ. ಸಿನಿಮಾ ನೋಡುವುದು, ಹಾಡು ಕೇಳುವುದು, ಸುದ್ದಿ ಓದುವುದು ಎಲ್ಲವೂ ಡೌನ್‌ಲೋಡ್. ಅದಕ್ಕೇ ಎಷ್ಟೋ ಪ್ಲಾನುಗಳಲ್ಲಿ, ಮುಖ್ಯವಾಗಿ ಹಳೇ ಟೆಲಿಫೋನ್ ಲೈನ್, ಕೇಬಲ್, ಟವರಿನಿಂದ ಬರುವ ವೈರ್‌ಲೆಸ್ ಲೈನ್‌ಗಳಲ್ಲಿ, ಡೌನ್‌ಲೋಡಿಗೆ ಜಾಸ್ತಿ ಜಾಗ ಕೊಟ್ಟು ಅಪ್‌ಲೋಡಿಗೆ ಚೂರೇ ಚೂರು ಬಿಟ್ಟಿರುತ್ತಾರೆ. ಕ್ಯಾಮೆರಾ ಮಾಡುವುದು ಉಲ್ಟಾ ಕೆಲಸ. ಅದು ಮನೆಯಿಂದ ಹೊರಗೆ ಕಳಿಸುತ್ತದೆ. ಡೌನ್‌ಲೋಡ್ ನೂರಿರಲಿ, ಇನ್ನೂರಿರಲಿ, ಕ್ಯಾಮೆರಾಕ್ಕೆ ಅದರಿಂದ ಏನೂ ಉಪಯೋಗ ಇಲ್ಲ. ಜಾಹೀರಾತಿನಲ್ಲಿ ದೊಡ್ಡದಾಗಿ ಹಾಕುವುದು ಆ ಡೌನ್‌ಲೋಡ್ ಸಂಖ್ಯೆಯನ್ನೇ. ನಮ್ಮ ದೇಶದಲ್ಲಿ ಬ್ರಾಡ್‌ಬ್ಯಾಂಡ್ ಅನ್ನಿಸಿಕೊಳ್ಳಲು ಇರಬೇಕಾದ ಕನಿಷ್ಠ ವೇಗವನ್ನು 2023ರಲ್ಲಿ 512 ಕೆಬಿಪಿಎಸ್‌ನಿಂದ (ಸುಮಾರು ಅರ್ಧ ಎಂಬಿಪಿಎಸ್) 2 ಎಂಬಿಪಿಎಸ್‌ಗೆ ಏರಿಸಿದರು. ಅದೂ ಡೌನ್‌ಲೋಡ್ ವೇಗವೇ. ಅಪ್‌ಲೋಡ್ ಎಷ್ಟಿರಬೇಕು ಅಂತ ಆ ವ್ಯಾಖ್ಯೆಯಲ್ಲಿ ಇಲ್ಲ. ಹಾಗಾಗಿ ನೀವು ಕೇಳದೆ ಯಾರೂ ತಾವಾಗಿ ಹೇಳುವುದಿಲ್ಲ.

ನಮ್ಮ ಊರಿಗೆ ನೆಟ್ ಬರುವುದು ಹೀಗೆ: ಪೇಟೆಯವರೆಗೆ ಫೈಬರ್, ಅಲ್ಲಿಂದ ಗುಡ್ಡದ ಮೇಲಿನ ಟವರ್, ಟವರಿನಿಂದ ಮನೆ ಮಾಡಿನ ಮೇಲಿರುವ ಸಣ್ಣ ಡಿಶ್. ಆ ಒಂದು ಟವರನ್ನು, ಅಂದರೆ ಇರುವ ಅಪ್‌ಲೋಡನ್ನೂ, ಸುತ್ತಲಿನ ಮನೆಗಳೆಲ್ಲ ಹಂಚಿಕೊಳ್ಳುತ್ತವೆ.

ಈಗ ಲೆಕ್ಕ ನೋಡಿ. 1080ಪಿ (ಫುಲ್ ಎಚ್‌ಡಿ) ಗುಣಮಟ್ಟದ ಒಂದು ಕ್ಯಾಮೆರಾ ಸಾಮಾನ್ಯವಾಗಿ 2ರಿಂದ 4 ಎಂಬಿಪಿಎಸ್ ಕೇಳುತ್ತದೆ. ವಿಡಿಯೊವನ್ನು ಕುಗ್ಗಿಸಿ ಕಳಿಸುವ ಎಚ್.265 ಅನ್ನುವ ಹೊಸ ವಿಧಾನ ಇದ್ದರೆ ಹಳೇ ಎಚ್.264ಕ್ಕಿಂತ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಕಡಿಮೆ ಅಂದರೂ 2 ಅಂತ ಇಟ್ಟುಕೊಳ್ಳೋಣ. ನಾಲ್ಕು ಕ್ಯಾಮೆರಾಕ್ಕೆ 8. ನಮ್ಮ ಹತ್ತಿರ ಇದ್ದಿದ್ದು 3. ನಾಲ್ಕು ದನ ಒಂದೇ ಸಲ ಒಂದು ದಣಪೆಗೆ ನುಗ್ಗಿದ ಹಾಗೆ ಆಯಿತು. ಹಗಲು ಒಂದೊಂದೇ ಕ್ಯಾಮೆರಾ ಆಗಾಗ ಕಳಿಸುವಾಗ ಎಲ್ಲ ಚೆನ್ನಾಗಿಯೇ ಕಾಣುತ್ತಿತ್ತು. ಅಂಗಡಿಯವರು ತೋರಿಸಿದ ಡೆಮೊ ಕೂಡ ಹಗಲಿನಲ್ಲೇ, ಒಂದೇ ಕ್ಯಾಮೆರಾದಲ್ಲಿ. ರಾತ್ರಿ ಬೆಳಕು ಕಡಿಮೆ ಇದ್ದಾಗ ಚಿತ್ರದಲ್ಲಿ ಸಣ್ಣ ಸಣ್ಣ ಕಾಳು ಕುಣಿಯುತ್ತವೆ. ಅವನ್ನೂ ಕ್ಯಾಮೆರಾ ಬದಲಾವಣೆ ಅಂತಲೇ ಎಣಿಸುವುದರಿಂದ ಕಳಿಸಬೇಕಾದ ಡೇಟಾ ಇನ್ನೂ ಜಾಸ್ತಿಯಾಗುತ್ತದೆ. ಮಳೆಗೂ ಇದೇ ಕಥೆ. ಅಂದರೆ ಕ್ಯಾಮೆರಾ ನಿಜವಾಗಿ ಬೇಕಾಗುವ ಹೊತ್ತಿನಲ್ಲೇ ಅದಕ್ಕೆ ಹೆಚ್ಚು ಅಪ್‌ಲೋಡ್ ಬೇಕು.

ಇನ್ನೊಂದು ಗೊಂದಲ ಮೆಗಾಬಿಟ್ ಮತ್ತು ಮೆಗಾಬೈಟ್‌ನದು. ನೆಟ್‌ನವರು ಹೇಳುವ ಎಂಬಿಪಿಎಸ್ ಅನ್ನುವುದು ಮೆಗಾಬಿಟ್. ನಮ್ಮ ಫೋಟೊ, ವಿಡಿಯೊ ಅಳೆಯುವ ಎಂಬಿ ಮೆಗಾಬೈಟ್. ಎಂಟು ಬಿಟ್ ಸೇರಿದರೆ ಒಂದು ಬೈಟ್. ಹಾಗಾಗಿ 3 ಎಂಬಿಪಿಎಸ್ ಅಪ್‌ಲೋಡ್‌ನಲ್ಲಿ ಸೆಕೆಂಡಿಗೆ ಅರ್ಧ ಎಂಬಿ ಕೂಡ ಹೋಗುವುದಿಲ್ಲ. ಇಪ್ಪತ್ತು ಸೆಕೆಂಡಿನ ಒಂದು ಕ್ಲಿಪ್ ಸುಮಾರು 5 ಎಂಬಿ. ನಾಲ್ಕು ಕ್ಯಾಮೆರಾದಿಂದ 20 ಎಂಬಿ. ಅದು ಹೋಗಲು ಐವತ್ತು ಸೆಕೆಂಡಿನ ಮೇಲೆ ಬೇಕು. ಅಷ್ಟರಲ್ಲಿ ಮುಂದಿನ ಕ್ಲಿಪ್ ತಯಾರಾಗಿರುತ್ತದೆ. ಸರದಿ ಬರುವ ತನಕ ವಿಡಿಯೊ ಇಟ್ಟುಕೊಳ್ಳಲು ಕ್ಯಾಮೆರಾದೊಳಗೆ ಇರುವ ಜಾಗ ಸಣ್ಣದು. ಅದು ತುಂಬಿದ ಮೇಲೆ ವಿಡಿಯೊ ಕಳೆದು ಹೋಗುತ್ತದೆ. 2:17ರಿಂದ 2:21ರ ತನಕ ಆಗಿದ್ದು ಇದೇ.

ಅಪ್‌ಲೋಡ್ ಕಟ್ಟಿಕೊಂಡರೆ ಡೌನ್‌ಲೋಡೂ ಮುಗ್ಗರಿಸುತ್ತದೆ ಅನ್ನುವುದು ಬಹಳ ಜನಕ್ಕೆ ಗೊತ್ತಿಲ್ಲ. ನಾವು ಏನೇ ಎಳೆದುಕೊಂಡರೂ ಬಂದು ಮುಟ್ಟಿತು ಅಂತ ಆ ಕಡೆಗೆ ಪುಟ್ಟ ಉತ್ತರ ಹೋಗಬೇಕು. ಆ ಉತ್ತರವೇ ಸಾಲಿನಲ್ಲಿ ಸಿಕ್ಕಿಕೊಂಡರೆ ಬರುವುದೂ ನಿಧಾನ. ಕ್ಯಾಮೆರಾ ಹಾಕಿದ ಮೇಲೆ ಅಮ್ಮನ ಧಾರಾವಾಹಿ ಸುತ್ತುತ್ತಾ ನಿಲ್ಲುತ್ತಿತ್ತು, ನನ್ನ ವಿಡಿಯೊ ಕಾಲ್‌ನಲ್ಲಿ ಅಪ್ಪನ ಮಾತು ತುಂಡಾಗುತ್ತಿತ್ತು. ಕಾರಣ ಇದೇ. ಸಂಜೆ ನಾನು, ಅಕ್ಕ, ತಮ್ಮ ಮೂವರೂ ಆ್ಯಪ್ ತೆಗೆದು ಅಂಗಳ ನೋಡಿದರೆ ಇನ್ನೂ ಕಷ್ಟ. ಬಹಳಷ್ಟು ಕ್ಯಾಮೆರಾಗಳಲ್ಲಿ ನೋಡುವ ಪ್ರತಿಯೊಬ್ಬರಿಗೂ ಮನೆಯಿಂದ ಬೇರೆ ಬೇರೆಯಾಗಿಯೇ ವಿಡಿಯೊ ಹೊರಡುತ್ತದೆ.

ಡೇಟಾ ಮಿತಿಯ ಲೆಕ್ಕವನ್ನೂ ಹಾಕಿಕೊಳ್ಳಿ. 2 ಎಂಬಿಪಿಎಸ್ ಕ್ಯಾಮೆರಾ ಬಿಡದೆ ಕಳಿಸಿದರೆ ಗಂಟೆಗೆ 900 ಎಂಬಿ, ದಿನಕ್ಕೆ 21.6 ಜಿಬಿ. ನಾಲ್ಕು ಕ್ಯಾಮೆರಾಕ್ಕೆ ತಿಂಗಳಿಗೆ ಎರಡೂವರೆ ಸಾವಿರ ಜಿಬಿ ದಾಟುತ್ತದೆ. 'ಅನ್‌ಲಿಮಿಟೆಡ್' ಅನ್ನುವ ಪ್ಲಾನಿನ ಕೆಳಗೂ ಹೆಚ್ಚಾಗಿ ಸಣ್ಣ ಅಕ್ಷರದಲ್ಲಿ ಒಂದು ಮಿತಿ ಇರುತ್ತದೆ. ಅದು ಮುಗಿದರೆ ವೇಗ ಇಳಿಸುತ್ತಾರೆ. ತೋಟದ ಮನೆಗೆ 4ಜಿ ಸಿಮ್ ಹಾಕುವ ಕ್ಯಾಮೆರಾ ತರುವವರಂತೂ ಹುಷಾರು. ದಿನಕ್ಕೆ 2 ಜಿಬಿ ಪ್ಯಾಕ್ ಅಂದರೆ ಬಿಡದೆ ಕಳಿಸುವ ಕ್ಯಾಮೆರಾಕ್ಕೆ ಎರಡು ಗಂಟೆ ಚಿಲ್ಲರೆ ಅಷ್ಟೇ. ಉಳಿದ ಹೊತ್ತು ಕ್ಯಾಮೆರಾ ಇದ್ದೂ ಇಲ್ಲದ ಹಾಗೆ.

ಇದು ಲೈನಿನ ವಿಷಯ. ಮನೆಯೊಳಗಿನ ವೈಫೈ ಬೇರೆ. ಅಗ್ಗದ ಕ್ಯಾಮೆರಾಗಳಲ್ಲಿ ಹೆಚ್ಚಿನವು 2.4 ಗಿಗಾಹರ್ಟ್ಸ್‌ನಲ್ಲಿ ಮಾತ್ರ ಕೆಲಸ ಮಾಡುತ್ತವೆ. ಅದು 5 ಗಿಗಾಹರ್ಟ್ಸ್‌ಗಿಂತ ದೂರ ಮುಟ್ಟುತ್ತದೆ, ಆದರೆ ನಿಧಾನ. ನಮ್ಮ ಮನೆ ಹಳೇದು, ಮಣ್ಣಿನ ದಪ್ಪ ಗೋಡೆ. ರೂಟರ್ ಇರುವುದು ಜಗಲಿಯಲ್ಲಿ, ಕ್ಯಾಮೆರಾ ಇರುವುದು ಹಿಂದಿನ ಕೊಟ್ಟಿಗೆಯಲ್ಲಿ, ನಡುವೆ ಎರಡು ಗೋಡೆ, ಮೇಲೆ ತಗಡಿನ ಮಾಡು. ಸಿಗ್ನಲ್ ಒಂದು ಕಡ್ಡಿ. ವೈಫೈನಲ್ಲಿ ಒಂದು ಚಾನೆಲ್ ಮೇಲೆ ಒಂದು ಹೊತ್ತಿಗೆ ಒಂದೇ ಉಪಕರಣ ಮಾತಾಡಬೇಕು. ಸಿಗ್ನಲ್ ಕಡಿಮೆ ಇರುವ ಕ್ಯಾಮೆರಾ ನಿಧಾನವಾಗಿ, ಹೇಳಿದ್ದನ್ನೇ ಮತ್ತೆ ಮತ್ತೆ ಹೇಳುತ್ತಾ ಉಳಿದವರ ಸಮಯವನ್ನೂ ತಿನ್ನುತ್ತದೆ. ಮೂಲೆಯ ಒಂದು ಕ್ಯಾಮೆರಾದಿಂದ ಚೆನ್ನಾಗಿರುವ ಮೂರೂ ಹಾಳಾಗಬಹುದು. ಕೂರಿಸುವ ಮುಂಚೆ ಆ ಜಾಗದಲ್ಲಿ ಮೊಬೈಲ್ ಹಿಡಿದು ವೇಗ ನೋಡಿದರೆ ಸಾಕು, ಗೊತ್ತಾಗುತ್ತದೆ. ನಮ್ಮ ಮನೆಗೆ ಬಂದವರು ಏಣಿ ಹಾಕಿದರು, ತೂತು ಕೊರೆದರು, ಹೋದರು.

ಈಗ ಹೀಗೆ ಮಾಡಿಸಿದ್ದೇವೆ. ನಾಲ್ಕೂ ಕ್ಯಾಮೆರಾಕ್ಕೆ ಮೆಮೊರಿ ಕಾರ್ಡ್ ಬಂದಿದೆ. ದಿನವಿಡೀ ಬರೆಯುವುದನ್ನು ತಡೆದುಕೊಳ್ಳುವ, ಕ್ಯಾಮೆರಾಕ್ಕೆಂದೇ ಮಾಡಿದ ಕಾರ್ಡೇ ಬೇಕು. ಮೊಬೈಲಿನ ಮಾಮೂಲಿ ಕಾರ್ಡ್ ಬೇಗ ಸಾಯುತ್ತದೆ. 128 ಜಿಬಿ ಕಾರ್ಡಿನಲ್ಲಿ 2 ಎಂಬಿಪಿಎಸ್ ಲೆಕ್ಕದಲ್ಲಿ ಸುಮಾರು ಐದಾರು ದಿನದ ಪೂರ್ತಿ ವಿಡಿಯೊ ಇರುತ್ತದೆ. ನೆಟ್ ಇರಲಿ ಬಿಡಲಿ, ಅದು ಅಲ್ಲೇ ಸಿಗುತ್ತದೆ. ಕ್ಲೌಡಿಗೆ ಹೋಗುವುದು ಚಪ್ಪರದ ಕ್ಯಾಮೆರಾ ಮಾತ್ರ, ಅದೂ ಚೀಲ ಇಡುವ ಜಾಗವನ್ನಷ್ಟೇ ಗುರುತು ಮಾಡಿ. ಟಾರ್ಪಾಲು ಅಲ್ಲಾಡಿದರೆ ಈಗ ಕ್ಲಿಪ್ ಹೊರಡುವುದಿಲ್ಲ. ದೂರದಿಂದ ನೋಡುವಾಗ ಆ್ಯಪ್‌ನಲ್ಲಿ ಎಚ್‌ಡಿ ಬಿಟ್ಟು ಕಡಿಮೆ ಗುಣಮಟ್ಟದ ಎಸ್‌ಡಿ ಇಟ್ಟುಕೊಳ್ಳುತ್ತೇವೆ. ಕೊಟ್ಟಿಗೆಯ ಕ್ಯಾಮೆರಾಕ್ಕೆ ವೈರ್ ಎಳೆಸಿದೆವು. ನೆಟ್‌ವರ್ಕ್ ಕೇಬಲ್ ಒಂದೇ ಎಳೆಯಲ್ಲಿ 100 ಮೀಟರ್ ತನಕ ಹೋಗುತ್ತದೆ. ಬಜೆಟ್ ಇದ್ದರೆ ನನ್ನ ಅಭಿಪ್ರಾಯದಲ್ಲಿ ಮೊದಲಿಗೇ ಎಲ್ಲ ಕ್ಯಾಮೆರಾಕ್ಕೂ ವೈರ್ ಹಾಕಿಸಿ, ಮನೆಯೊಳಗೆ ಹಾರ್ಡ್ ಡಿಸ್ಕ್ ಇರುವ ರೆಕಾರ್ಡರ್ ಇಡುವುದೇ ಸರಿ. ರೆಕಾರ್ಡ್ ಮಾಡಲು ಅದಕ್ಕೆ ಇಂಟರ್ನೆಟ್ಟೇ ಬೇಡ. ಅದನ್ನು ಕಣ್ಣಿಗೆ ಕಾಣದ ಜಾಗದಲ್ಲಿ, ಬೀಗದೊಳಗೆ ಇಡಿ.

ಕ್ಯಾಮೆರಾದ ಜೊತೆ ಬಂದ ಪಾಸ್‌ವರ್ಡನ್ನು ಅವತ್ತೇ ಬದಲಾಯಿಸಿ. 2016ರಲ್ಲಿ ಮಿರಾಯ್ ಅನ್ನುವ ಮಾಲ್‌ವೇರ್ (ವೈರಸ್ಸಿನಂಥ ಕೆಟ್ಟ ಸಾಫ್ಟ್‌ವೇರ್) ಹೀಗೆ ಪಾಸ್‌ವರ್ಡ್ ಬದಲಿಸದ ಕ್ಯಾಮೆರಾ, ರೆಕಾರ್ಡರ್‌ಗಳನ್ನೆಲ್ಲ ವಶ ಮಾಡಿಕೊಂಡು, ಆ ಮನೆಗಳ ಅಪ್‌ಲೋಡನ್ನೇ ಬಳಸಿ ದೊಡ್ಡ ದೊಡ್ಡ ಜಾಲತಾಣಗಳನ್ನು ಬೀಳಿಸಿತ್ತು. ನಮ್ಮ ಮನೆಯಲ್ಲಿ ಕ್ಯಾಮೆರಾ ಕೂರಿಸಿದ ಹುಡುಗ ನಾಲ್ಕಕ್ಕೂ ಒಂದೇ ಸುಲಭದ ಪಾಸ್‌ವರ್ಡ್ ಹಾಕಿ ಹೋಗಿದ್ದ.

ಖರೀದಿಸುವ ಮುಂಚೆ ನೆಟ್‌ನವರಿಗೆ ಫೋನ್ ಮಾಡಿ ಅಪ್‌ಲೋಡ್ ಎಷ್ಟು, ತಿಂಗಳ ಮಿತಿ ಎಷ್ಟು, ಕಳಿಸಿದ ಡೇಟಾ ಕೂಡ ಆ ಮಿತಿಗೆ ಸೇರುತ್ತದಾ ಅಂತ ಕೇಳಿ. ನೀವೇ ಸ್ಪೀಡ್ ಟೆಸ್ಟ್ ಮಾಡಿ, ಹಗಲೊಮ್ಮೆ, ರಾತ್ರಿ ಎಂಟು ಒಂಬತ್ತರ ಹೊತ್ತಿಗೆ ಇನ್ನೊಮ್ಮೆ. ಕೆಲವು ಟೆಸ್ಟ್‌ಗಳು ಮೊದಲು ಡೌನ್‌ಲೋಡ್ ಮಾತ್ರ ತೋರಿಸುತ್ತವೆ, ಹೆಚ್ಚಿನ ಮಾಹಿತಿ ಅನ್ನುವುದನ್ನು ಒತ್ತಿದರೆ ಅಪ್‌ಲೋಡ್ ಕಾಣುತ್ತದೆ. ಆ ಸಂಖ್ಯೆಯಲ್ಲಿ ಅರ್ಧವನ್ನು ಮನೆಯ ಬೇರೆ ಬಳಕೆಗೆ ಬಿಟ್ಟು, ಉಳಿದಿದ್ದರಲ್ಲಿ ಎಷ್ಟು ಕ್ಯಾಮೆರಾ ಆಗುತ್ತದೆ ಅಂತ ಲೆಕ್ಕ ಹಾಕಿ. ಅಂಗಡಿಯವರು ಕೊಡುವ ಬಿಲ್ಲಿನಲ್ಲಿ ಮಾಡೆಲ್, ರೆಸಲ್ಯೂಷನ್, ರೆಕಾರ್ಡಿಂಗ್ ಎಲ್ಲಿ ಆಗುತ್ತದೆ, ಎಷ್ಟು ದಿನ ಇರುತ್ತದೆ ಅನ್ನುವುದನ್ನು ಬರೆಸಿಕೊಳ್ಳಿ. ನಮ್ಮ ಬಿಲ್ಲಿನಲ್ಲಿ 'ಸಿಸಿಟಿವಿ ಸೆಟ್ 1' ಅಂತ ಮಾತ್ರ ಇದೆ. ಬಾಯಲ್ಲಿ ಕೊಟ್ಟ ಮಾತಿಗೆ ಯಾವ ಪುರಾವೆಯೂ ಇಲ್ಲದಿರುವುದರಿಂದ ಅಂಗಡಿಯ ಮೇಲಿನ ನಮ್ಮ ದೂರು ಎಳೆಯುತ್ತಾ ಇದೆ.

ನಿಮಗೂ ಹೀಗಾಗಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ನೆಟ್ ಕಂಪನಿಯ ಮೇಲಾದರೆ ಮೊದಲು ಅವರಲ್ಲೇ ದೂರು ಕೊಟ್ಟು ದೂರಿನ ನಂಬರ್ ಪಡೆಯಿರಿ. ಬಗೆಹರಿಯದಿದ್ದರೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಆ ನಂಬರ್ ಹಾಕಿ ಬರೆಯಬೇಕು. ಸ್ಪೀಡ್ ಟೆಸ್ಟ್‌ನ ಸ್ಕ್ರೀನ್‌ಶಾಟ್‌ಗಳನ್ನು ತಾರೀಕು, ಸಮಯ ಕಾಣುವ ಹಾಗೆ ತೆಗೆದಿಟ್ಟುಕೊಳ್ಳಿ.