ಇಂಗ್ಲಿಷ್ ಪ್ರಬಂಧ ಪ್ರಾಕ್ಟೀಸ್‌ಗೆ ಲಾಂಗ್ ಬುಕ್ಕಾ, ಟ್ಯಾಬಾ, ಬಿಡಿ ಹಾಳೆನಾ?

ಮೊದಲೇ ಹೇಳ್ಬಿಡ್ತೀನಿ, ನನ್ನ ಓಟು ಬಿಡಿ ಹಾಳೆಗೆ. ಎ ಫೋರ್ ಸೈಜಿನ ಗೆರೆ ಹಾಕಿದ ಹಾಳೆ ನೂರರ ಕಟ್ಟು, ಕ್ಲಿಪ್ ಇರೋ ಒಂದು ಎಕ್ಸಾಮ್ ಪ್ಯಾಡು, ಎರಡೂ ಸೇರಿ ಇನ್ನೂರು ರೂಪಾಯಿ ಆಜುಬಾಜು. ಈ ವರ್ಷ ಮಗಳ ಓದಿಗೆ ಅಂತ ಮಾಡಿದ ಖರ್ಚಲ್ಲಿ ಇಷ್ಟು ವಸೂಲಾಗಿದ್ದು ಇನ್ನೊಂದಿಲ್ಲ, ಟ್ಯೂಷನ್ ಫೀಸೂ ಸೇರಿಸೇ ಹೇಳ್ತಿದೀನಿ.

ಅವಳದು ಐಸಿಎಸ್‌ಇ ಹತ್ತನೇ ಕ್ಲಾಸು. ಇಂಗ್ಲಿಷ್ ಲ್ಯಾಂಗ್ವೇಜ್ ಪೇಪರ್ರು 80 ಮಾರ್ಕ್ಸು, 2 ಗಂಟೆ, ಪ್ರಶ್ನೆ ಓದ್ಕೊಳ್ಳೋಕೆ 15 ನಿಮಿಷ ಬೇರೆ. ಅದ್ರಲ್ಲಿ ಮೊದಲ್ನೇ ಪ್ರಶ್ನೆ ಕಾಂಪೊಸಿಷನ್, ಅಂದ್ರೆ ಪ್ರಬಂಧ ಇಲ್ಲಾ ಕಥೆ, ಅದೊಂದೇ 20 ಮಾರ್ಕ್ಸು, 300ರಿಂದ 350 ಪದ ಬರೀಬೇಕು, ಇದಕ್ಕೆ ಅರ್ಧ ಗಂಟೆ ಮೀರಬೇಡಿ ಅಂತ ಪೇಪರಲ್ಲೇ ಹಾಕಿರ್ತಾರೆ, ಯಾಕಂದ್ರೆ ಹಿಂದೆನೇ 10 ಮಾರ್ಕ್ಸಿನ ಲೆಟರ್ರು, ನೋಟಿಸು, ಇಮೇಲು, ಕಾಂಪ್ರಹೆನ್ಷನ್ನು, ಗ್ರಾಮರ್ರು ಎಲ್ಲಾ ಸಾಲಾಗಿ ನಿಂತಿರತ್ತೆ. ಆ ಅರ್ಧ ಗಂಟೇಲಿ ಯಾವ ಟಾಪಿಕ್ ಅಂತ ಆರಿಸಿ ಪಾಯಿಂಟ್ಸ್ ಗುರುತು ಹಾಕ್ಕೊಳ್ಳೋಕೆ ಐದು ನಿಮಿಷ, ಕೊನೇಲಿ ಒಂದ್ಸಲ ಓದೋಕೆ ಎರಡು ಮೂರು ನಿಮಿಷ ಕಳೆದ್ರೆ ಉಳಿಯೋ ಟೈಮಲ್ಲಿ ನಿಮಿಷಕ್ಕೆ ಹದಿನೈದು ಪದ ಕೈ ನಿಲ್ಲಿಸದೆ ಬರೀಬೇಕು. ವಾಟ್ಸಾಪಲ್ಲಿ ಬೆರಳು ಓಡಿಸೋ ಮಕ್ಕಳಿಗೆ ಪೆನ್ ಹಿಡಿದು ಇದನ್ನ ಮಾಡೋದು ಎಷ್ಟು ಕಷ್ಟ ಅಂತ ಪಕ್ಕದಲ್ಲಿ ಕೂತು ನೋಡಿದವರಿಗೇ ಗೊತ್ತು.

ಲಾಂಗ್ ಬುಕ್ ಬಗ್ಗೆ ಜಾಸ್ತಿ ದೂರಿಲ್ಲ. ಹೋದ ವರ್ಷದ್ದು ಅರ್ಧ ಖಾಲಿ ಇರೋದು ಮನೇಲೇ ಸಿಗತ್ತೆ, ಜೂನಲ್ಲಿ ಬರೆದಿದ್ದನ್ನ ಡಿಸೆಂಬರಲ್ಲಿ ತೆಗೆದು ನೋಡ್ಬೋದು. ನಮಗೆ ತೊಂದರೆ ಆಗಿದ್ದು ತಿದ್ದಿಸೋದ್ರಲ್ಲಿ. ಮಿಸ್‌ಗೆ ಕೊಟ್ರೆ ಇಡೀ ಕ್ಲಾಸಿನ ಬುಕ್ಕಿನ ರಾಶೀಲಿ ಇದೂ ಒಂದಾಗಿ ಕೂರತ್ತೆ, ವಾಪಸ್ ಬರೋವರೆಗೂ ನಮ್ಮವಳದು ‘ಬುಕ್ಕೇ ಇಲ್ವಲ್ಲಮ್ಮಾ, ಎಲ್ಲಿ ಬರೀಲಿ’ ಅನ್ನೋ ರಾಗ.

ಇನ್ನು ಟ್ಯಾಬ್. ಇದು ನಮ್ಮನೆಯವರ ಐಡಿಯಾ. ಆನ್‌ಲೈನ್ ಕ್ಲಾಸ್ ಕಾಲದ ಟ್ಯಾಬ್ ಹೇಗೂ ಬಿದ್ದಿದೆ, ಬರಿಯೋ ಪೆನ್ನೊಂದು ತರಿಸಿದ್ರೆ ಆಯ್ತು, ಹಾಳೆ ಖರ್ಚಿಲ್ಲ ಕಸ ಇಲ್ಲ ಅಂತ. ಬಂದಿದ್ದು ಯಾವ ಟಚ್ ಸ್ಕ್ರೀನಿಗಾದ್ರೂ ನಡಿಯತ್ತೆ ಅಂತಾರಲ್ಲ, ಆ ಥರದ್ದು. ಇದ್ರಲ್ಲಿ ಅಂಗೈ ಯಾವುದು ಪೆನ್ ಯಾವುದು ಅಂತ ಟ್ಯಾಬ್‌ಗೆ ಗೊತ್ತಾಗಲ್ಲ, ಕೈ ಊರಿದ ಕಡೆ ಎಲ್ಲಾ ಗೀಟು ಬೀಳತ್ತೆ, ಅದಕ್ಕೆ ಅವಳು ಮಣಿಕಟ್ಟು ಗಾಳೀಲಿ ಎತ್ತಿ ಹಿಡಿದು ಬರಿಯೋಕೆ ಶುರು ಮಾಡಿದ್ಲು, ಒಂದು ಪೇಜ್ ಆಗೋದ್ರೊಳಗೆ ಭುಜ ನೋವು.

ಆದ್ರೆ ಅದು ದೊಡ್ಡ ವಿಷಯ ಅಲ್ಲ, ದುಬಾರಿ ಪೆನ್ ತಂದ್ರೆ ಸರಿಹೋಗತ್ತೆ. ಎಷ್ಟು ದುಬಾರಿ ಪೆನ್ ತಂದ್ರೂ ಸರಿಹೋಗದೆ ಇರೋದು ಮೇಲ್ಗಡೆ ಮೂಲೇಲಿರೋ ಆ ಬಾಗಿದ ಬಾಣದ ಗುರುತು, ಅನ್‌ಡೂ. ‘ಇಟ್ ವಾಸ್ ಎ ಸ್ಟಾರ್ಮಿ ನೈಟ್’ ಅಂತ ಬರೀತಾಳೆ, ಯಾಕೋ ಹಿಡಿಸಲ್ಲ, ಬಾಣ ಒತ್ತುತಾಳೆ, ಮಾಯ. ‘ಇಟ್ ವಾಸ್ ಎ ಡಾರ್ಕ್ ನೈಟ್’, ಅದೂ ಮಾಯ. ಮತ್ತೆ ಸ್ಟಾರ್ಮಿಗೇ ವಾಪಸ್. ನಾನು ಅಡುಗೆಮನೆಯಿಂದ ಹತ್ತು ನಿಮಿಷ ಬಿಟ್ಟು ಬಂದು ನೋಡಿದ್ರೂ ಪರದೆ ಮೇಲೆ ಒಂದೇ ವಾಕ್ಯ, ಅದೂ ಅಕ್ಷರ ಮಾತ್ರ ಬಲು ಮುದ್ದಾಗಿ!

ಪೇಪರಲ್ಲಿ ಹಂಗಾಗಲ್ಲ, ತಪ್ಪಿದ್ರೆ ಒಂದು ಗೀಟು ಹೊಡೆದು ಮುಂದೆ ಹೋಗ್ಬೇಕು, ತುಂಬಾ ಗೀಟು ಹೊಡೆದ್ರೆ ಪುಟ ಅಸಹ್ಯ ಕಾಣತ್ತೆ, ಆ ಭಯಕ್ಕಾದ್ರೂ ವಾಕ್ಯ ಮೊದಲು ತಲೇಲಿ ಪೂರ್ತಿ ಆಗತ್ತೆ ಆಮೇಲೆ ಕೈಗೆ ಬರತ್ತೆ. ಟ್ಯಾಬಲ್ಲಿ ಆ ಅಭ್ಯಾಸ ಉಲ್ಟಾ ಆಗ್ತಿತ್ತು. ಅನ್‌ಡೂ ಮುಟ್ಟಬೇಡ ಅಂತ ಷರತ್ತು ಹಾಕಿದೆ, ಬೆರಳು ತಾನಾಗೇ ಅಲ್ಲಿಗೆ ಹೋಗತ್ತೆ ಅಂತಾಳೆ, ನಿಜಾನೇ. ಜೊತೆಗೆ ಜೂಮ್ ಮಾಡಿ ಬರೆಯೋದ್ರಿಂದ ಅಕ್ಷರ ಒಂದ್ಸಲ ದಪ್ಪ ಒಂದ್ಸಲ ಸಣ್ಣ, ಎರಡು ಪುಟ ತುಂಬಿದೆ ಅಂತ ಖುಷಿಪಟ್ಟು ಎಣಿಸಿದ್ರೆ ಇನ್ನೂರು ಚಿಲ್ಲರೆ ಪದ ಅಷ್ಟೆ. ಪೆನ್ ಈಗ ಚಿಕ್ಕವನ ಡ್ರಾಯಿಂಗಿಗೆ.

ಬಿಡಿ ಹಾಳೇಲಿ ನನಗೆ ಹಿಡಿಸಿದ್ದೇ ಈ ಅಳತೆ. ಎಲ್ಲಾ ಹಾಳೇಲೂ ಗೆರೆ ಒಂದೇ ಅಂತರ, ಅವಳ ಅಕ್ಷರಕ್ಕೆ ಗೆರೆಗೆ ಎಂಟೊಂಬತ್ತು ಪದ ಬರತ್ತೆ, ಅಂದ್ರೆ ನಲವತ್ತು ಗೆರೆ ಹತ್ರ ಬಂತು ಅಂದ್ರೆ ಕಥೆ ಮುಗಿಸ್ಕೋಬೇಕು ಅಂತ ಎಣಿಸದೇನೇ ಗೊತ್ತಾಗತ್ತೆ. ಅದಕ್ಕೆ ಮುಂಚೆ ಕಥೆ ಅಂದ್ರೆ ಸಾಕು, ನಾಯಕಿ ಮನೆ ಬಿಟ್ಟು ಹೊರಡೋ ಹೊತ್ತಿಗೇ ಟೈಮ್ ಮುಗಿದಿರ್ತಿತ್ತು. ತಿದ್ದಿಸೋಕೂ ಸುಲಭ, ಮಿಸ್‌ಗೆ ಒಂದೇ ಹಾಳೆ ಕೊಟ್ರೆ ಲಂಚ್ ಬ್ರೇಕಲ್ಲಿ ನೋಡಿ ಕೊಟ್ಬಿಡ್ತಾರೆ. ಶಾಲೆ ಪ್ರಿಲಿಮ್ಸಲ್ಲಿ, ಅಂದ್ರೆ ಬೋರ್ಡ್ ಪರೀಕ್ಷೆಗೆ ಮುಂಚೆ ಶಾಲೇಲೇ ಮಾಡೋ ಪ್ರಾಕ್ಟೀಸ್ ಪರೀಕ್ಷೇಲಿ, ಅಡಿಷನಲ್ ಶೀಟ್ ದಾರದಲ್ಲಿ ಕಟ್ಟೋಕೆ ಒದ್ದಾಡ್ತಾರಲ್ಲ ಮಕ್ಕಳು, ಅದೂ ಮನೇಲೇ ರೂಢಿ ಆಯ್ತು.

ಬಿಡಿ ಹಾಳೇಲೂ ತಾಪತ್ರಯ ಇಲ್ದೇ ಇಲ್ಲ. ಫ್ಯಾನ್ ಹಾಕಿದ್ರೆ ಹಾರತ್ತೆ. ಮೇಲೆ ತಾರೀಖು, ಪುಟದ ನಂಬರ್ ಹಾಕ್ಲೇಬೇಕು, ಇಲ್ದಿದ್ರೆ ಲೆಟರಿನ ಕೊನೆ ಕಥೆಗೆ ಅಂಟ್ಕೊಂಡಿರತ್ತೆ.

ಹಾಳೆ ಫೋಟೋ ಹೊಡೆದು ಮೊಬೈಲಲ್ಲಿ ಎಐ ಕೈಲಿ ತಿದ್ದಿಸೋದನ್ನೂ ಮಾಡಿ ನೋಡಿದ್ವಿ. ಸ್ಪೆಲ್ಲಿಂಗ್ ಹಿಡಿಯತ್ತೆ, ಆದ್ರೆ ಕೇಳ್ದೇ ಇದ್ರೂ ಇಡೀ ಪ್ರಬಂಧ ತಾನೇ ಬರೆದುಕೊಡತ್ತೆ, ಅದನ್ನ ಓದಿದ್ಮೇಲೆ ಅವಳಿಗೆ ತನ್ನದು ಸಪ್ಪೆ ಅನ್ಸತ್ತೆ. ಮಿಸ್ಸೇ ವಾಸಿ.

ಎಲ್ರಿಗೂ ಹಾಳೇನೇ ಬೇಕು ಅಂತೇನಿಲ್ಲ. ಪಕ್ಕದ ಮನೆ ಹುಡುಗ ಎಸ್ಸೆಸ್ಸೆಲ್ಸಿ, ಇಂಗ್ಲಿಷ್ ಸೆಕೆಂಡ್ ಲ್ಯಾಂಗ್ವೇಜು, ಅಲ್ಲಿ ಪ್ರಬಂಧಕ್ಕೆ 4 ಮಾರ್ಕ್ಸು ಲೆಟರಿಗೆ 5, ಅಷ್ಟಕ್ಕೆ ಹಳೇ ಲಾಂಗ್ ಬುಕ್ಕೇ ಧಾರಾಳ. ನಮ್ಮ ಥರ 20 ಮಾರ್ಕ್ಸು ಒಂದೇ ಪ್ರಶ್ನೆಗೆ ಅಂಟ್ಕೊಂಡಿದ್ರೆ, ದಿನಾ ರಾತ್ರಿ ಊಟಕ್ಕೆ ಮುಂಚೆ ಅಲಾರಾಂ ಇಟ್ಟು ಬರೆಸೋ ಹಠಮಾರಿ ಅಮ್ಮ ಮನೇಲಿದ್ರೆ ಮಾತ್ರ ಕಟ್ಟು ತಗೊಳ್ಳಿ. ತಗೊಳ್ಳುವಾಗ ಅಂಗಡೀಲೇ ನಿಮ್ಮ ಮಗು ಬರೆಯೋ ಪೆನ್ನಲ್ಲೇ ಎರಡು ಗೆರೆ ಬರೆದು ಹಿಂದೆ ತಿರುಗಿಸಿ ನೋಡಿ. ತೆಳು ಹಾಳೆ ಆದ್ರೆ ಜೆಲ್ ಪೆನ್ ಇಂಕು ಆಚೆ ಕಡೆ ಮೂಡತ್ತೆ, ಆಮೇಲೆ ಮಕ್ಕಳು ಒಂದೇ ಮಗ್ಗುಲು ಬರೀತಾರೆ, ನೂರು ಹಾಳೆ ಕಟ್ಟು ಐವತ್ತರ ಲೆಕ್ಕಕ್ಕೆ ಬಂದುಬಿಡತ್ತೆ.